ಅಕ್ಕನ ನೂರ ಎಂಬತ್ತು ಹೆಜ್ಜೆ

ನಮ್ಮಕ್ಕ ಸೂರು ನೋಡುತ್ತ ಬೆಳೆದವಳು. ಹದಿಮೂರರಿಂದ ಇಪ್ಪತ್ತೊಂದರವರೆಗೆ ದಿನಾ ಬೆಳಿಗ್ಗೆ ಈಜುಕೊಳದಲ್ಲಿ ಅಂಗಾತ ಈಜಿದಳು. ಉಳಿದ ಹುಡುಗಿಯರು ನೀರಿಗೆ ಮುಖ ಕೊಟ್ಟು ಗುದ್ದಾಡುತ್ತಿದ್ದರೆ, ಇವಳು ತಗಡಿನ ಸೂರನ್ನೇ ನೋಡುತ್ತ, ಯಾರೋ ಎತ್ತಿಕೊಂಡು ಹೋಗುತ್ತಿದ್ದಾರೇನೋ ಎಂಬಂತೆ ಹಾಯಾಗಿ ಹೋಗುತ್ತಿದ್ದಳು. ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ ಸೂರಕ್ಕ ಎಂದು. ಕಿವಿ ನೀರೊಳಗೆ ಇರುತ್ತಿದ್ದರಿಂದ ಲೋಕದ ಗದ್ದಲವೆಲ್ಲ ಪಕ್ಕದ ಮನೆಯದು ಅನ್ನಿಸುತ್ತಿತ್ತಂತೆ. ಸೂರಿನ ಗಾಜಿನಿಂದ ಇಳಿದ ಬಿಸಿಲು ಹೊಟ್ಟೆಯ ಮೇಲೆ ಕೂತು ತನ್ನ ಜೊತೆಗೇ ಬರುತ್ತಿತ್ತು ಎಂದು ಇವತ್ತಿಗೂ ಹೇಳುತ್ತಾಳೆ. ನಾನು ಬೇಡವೆಂದರೂ ಹೇಳುತ್ತಾಳೆ.

ಅಂಗಾತ ಈಜುವವರಿಗೆ ಮುಂದಿನ ಗೋಡೆ ಕಾಣುವುದಿಲ್ಲ. ಅದಕ್ಕೇ ಗೋಡೆಗೆ ಸ್ವಲ್ಪ ಮುಂಚೆ, ನೀರಿನ ಮೇಲೆ ಅಡ್ಡಲಾಗಿ ಸಣ್ಣ ಬಾವುಟಗಳ ಹಗ್ಗ ಕಟ್ಟಿರುತ್ತಾರೆ. ಹಗ್ಗ ಕಂಡ ಮೇಲೆ ಅಕ್ಕನಿಗೆ ಸರಿಯಾಗಿ ನಾಲ್ಕು ಕೈ. ನಾಲ್ಕನೆಯದು ಗೋಡೆಗೆ ತಾಗಬೇಕು. ತಿರುಗಿ ನೋಡಿದರೆ ಪಂದ್ಯ ಹೋಯಿತು, ನೋಡದೆ ಲೆಕ್ಕ ತಪ್ಪಿದರೆ ತಲೆ ಹೋಯಿತು.

ಹೆಸರು ಮಾಡುವಂಥ ಈಜುಗಾರ್ತಿಯೇನೂ ಆಗಲಿಲ್ಲ ಬಿಡಿ. ಆಮೇಲೆ ಲಾಂಡ್ರಿಗೆ ಸೇರಿದಳು. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಜಾಗ ಅದು. ಇಪ್ಪತ್ತಾರು ವರ್ಷದಿಂದ ಅಲ್ಲಿ ಮಡಿಸುವ ಮೇಜು ಅವಳದೇ. ಬಿಸಿ ಹಬೆ, ಸೋಪಿನ ವಾಸನೆ, ಬೆಳ್ಳಗಿನ ಬಟ್ಟೆಯ ರಾಶಿ. ಬಟ್ಟೆಯಲ್ಲಿ ಪಸೆ ಉಳಿದಿದೆಯೇ ಎಂದು ಕೆನ್ನೆಗೆ ಒತ್ತಿ ನೋಡುತ್ತಾಳೆ. ಆ ಹೊತ್ತಿನಲ್ಲಿ ಅವಳ ಮುಖ ನೋಡಿದರೆ ಕೊಳದಲ್ಲೇ ಇದ್ದಾಳೆ ಅನ್ನಿಸುತ್ತದೆ.

ಐವತ್ತೆರಡಕ್ಕೆ ಕಣ್ಣು ಕೈಕೊಟ್ಟಿತು. ನೋಟದ ನಡುಭಾಗ ಮಸುಕಾಗಿ ಅಂಚು ಮಾತ್ರ ಉಳಿಯಿತು. ಇನ್ನು ಸರಿಹೋಗುವುದಿಲ್ಲ ಎಂದರು ಡಾಕ್ಟರು. "ಎಲ್ಲರೂ ನೀರಡಿಯಲ್ಲಿ ನಿಂತ ಹಾಗೆ ಕಾಣ್ತಾರೆ ಕಣೆ. ನಿನ್ನ ಮುಖ ಅಂತೂ ಪೂರ್ತಿ ಕರಗಿಹೋಗಿದೆ, ಒಂಥರಾ ನೆಮ್ಮದಿ," ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಲಾಂಡ್ರಿಯ ಯಜಮಾನಿ ಒಳ್ಳೆಯವರು. "ಮಡಿಸೋಕೆ ಕಣ್ಣೇನೂ ಬೇಡ, ಬನ್ನಿ. ದಾರಿ ಮಾತ್ರ ನೀವೇ ನೋಡ್ಕೋಬೇಕು," ಎಂದರು. ಆ ದಾರಿಯ ಮೇಲೇ ನಮ್ಮಿಬ್ಬರ ಜಗಳ. ಮದುವೆಯ ಗೋಜಿಗೆ ಹೋಗದ ನಾವಿಬ್ಬರೂ ಒಂದೇ ಮನೆಯಲ್ಲಿರುವವರು. ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತೇನೆ. ಕಲಿಯುವವರ ಪಕ್ಕದ ಸೀಟಿನಲ್ಲಿ ನನ್ನ ಕಾಲಡಿ ಇನ್ನೊಂದು ಬ್ರೇಕು ಇರುತ್ತದೆ. ಹತ್ತೊಂಬತ್ತು ವರ್ಷ ಅದನ್ನೇ ತುಳಿದು ತುಳಿದು, ಊಟಕ್ಕೆ ಕೂತಾಗಲೂ ನನ್ನ ಬಲಗಾಲು ಸುಮ್ಮನಿರುವುದಿಲ್ಲ. ಕೆಲಸ ಬಿಟ್ಟು ಮನೆಯಲ್ಲಿರು ಎಂದು ನಾನು, ಆಗುವುದಿಲ್ಲ ಎಂದು ಅವಳು. ಡಾಕ್ಟರು ಹೇಳಿದ ದಿನದಿಂದಲೇ ನನಗೆ ಗೊತ್ತಾಗದಂತೆ ದಾರಿ ಎಣಿಸಿಟ್ಟಿದ್ದಳಂತೆ. ಗೇಟಿನಿಂದ ಅಂಚೆ ಡಬ್ಬಿಗೆ ತೊಂಬತ್ತು ಹೆಜ್ಜೆ, ಅಲ್ಲಿಂದ ಎಡಕ್ಕೆ ಲಾಂಡ್ರಿಯ ಬಾಗಿಲಿಗೆ ನೂರ ಎಂಬತ್ತು. ದಾಟಬೇಕಾದ ರಸ್ತೆ ಒಂದೂ ಇಲ್ಲ.

ಕೊನೆಗೆ ಒಪ್ಪಂದ ಆಯಿತು. ನಾಲ್ಕು ದಿನ ನಾನು ಜೊತೆಗೆ ಹೋಗುವುದು, ಮೊಣಕೈ ಹಿಡಿದುಕೊಳ್ಳುವುದು, ಬಾಯಿ ಬಿಡದಿರುವುದು. ಒಂದು ದಿನವಾದರೂ ಸರಿಯಾದ ಬಾಗಿಲು ತಳ್ಳಿದರೆ ಅವಳ ದಾರಿ ಅವಳಿಗೆ. ಇಲ್ಲವಾದರೆ ಕೆಲಸ ಬಿಡಬೇಕು.

ಮೊದಲ ದಿನ ಅಂಚೆ ಡಬ್ಬಿ ಮುಟ್ಟಿ ಎಡಕ್ಕೆ ತಿರುಗಿ, ನೂರ ಎಂಬತ್ತು ಎಣಿಸಿ ಠೀವಿಯಿಂದ ಬಾಗಿಲು ತಳ್ಳಿದಳು. ಅದು ಲಾಂಡ್ರಿಗಿಂತ ಮುಂಚೆ ಸಿಗುವ ಅಂಗಡಿ, ಕ್ಷೌರದ್ದು. ನೊರೆ ಹಚ್ಚಿಕೊಂಡಿದ್ದವರೊಬ್ಬರು ಕುರ್ಚಿಯಿಂದ ಅರ್ಧ ಎದ್ದರು. ಎರಡನೆಯ ದಿನವೂ ಅದೇ ಬಾಗಿಲು. ಮೂರನೆಯ ದಿನ ಕ್ಷೌರಿಕ, "ಏನಮ್ಮಾ, ಇವತ್ತಾದ್ರೂ ಕಟಿಂಗ್ ಮಾಡಿಸ್ಕೊಂಡೇ ಹೋಗ್ತೀರಾ?" ಎಂದ. ತಪ್ಪು ಬಾಗಿಲು ಎಂದು ನನಗೆ ಪ್ರತಿ ಸಲವೂ ಕಾಣುತ್ತಿತ್ತು. ಮಾತು ಕೊಟ್ಟಿದ್ದೆ ಎಂದು ಸುಮ್ಮನಿದ್ದೆ ಎಂದರೆ ಸುಳ್ಳಾಗುತ್ತದೆ. ಗೆಲ್ಲುತ್ತಿದ್ದೆ, ಅದಕ್ಕೆ ಸುಮ್ಮನಿದ್ದೆ.

ಆ ಸಂಜೆ ಅಕ್ಕ ಮಂಚದ ಅಂಚಿನಲ್ಲಿ ಕೂತು, ಗಾಳಿಯಲ್ಲಿ ನಿಧಾನವಾಗಿ ಕೈ ಆಡಿಸುತ್ತಿದ್ದಳು, ನೀರು ಸರಿಸುವವಳ ಹಾಗೆ. ಆಮೇಲೆ ಕೇಳಿದಳು: "ನನಗೆ ಹದಿನೇಳು ಇದ್ದಾಗಿನ ಪಂದ್ಯ ನೆನಪಿದ್ಯಾ?"

"ಸೋತಿದ್ದಲ್ವಾ."

"ಹಗ್ಗ ಕಂಡ ಮೇಲೆ ನಾಲ್ಕು ಕೈ ಹಾಕಿದೆ, ಗೋಡೆ ಸಿಗಲಿಲ್ಲ. ಇನ್ನೂ ಒಂದು ಕೈ ದೂರ ಇತ್ತು. ಎಣಿಕೆ ತಪ್ಪಿತಾ ಅಂತ ಈಜು ಮೇಷ್ಟ್ರನ್ನ ಕೇಳಿದೆ. ಎಣಿಕೆ ಸರಿಯಿತ್ತು, ಕೈ ಗಿಡ್ಡ ಆಯ್ತು, ಹೆದರಿದವರ ಕೈ ಗಿಡ್ಡ ಆಗುತ್ತೆ ಅಂದ್ರು. ನಾನು ಹೆದರಿರಲಿಲ್ಲ ಕಣೆ. ಅಮ್ಮ ಹೆದರಿದ್ಲು. ಮೆಟ್ಟಿಲ ಮೇಲೆ ಕೂತು ಸೆರಗು ಕಚ್ಚಿಕೊಂಡಿದ್ಲು. ಅದು ಹೇಗೋ ನನ್ನ ಭುಜಕ್ಕೆ ಬಂದುಬಿಡ್ತು. ಮುಂದಿನ ಪಂದ್ಯಕ್ಕೆ ಒಳಗೆ ಬರಬೇಡ ಅಂದೆ."

ಆ ಮುಂದಿನ ಪಂದ್ಯ ನನಗೆ ಚೆನ್ನಾಗಿ ನೆನಪಿದೆ. ನನಗೆ ಹತ್ತು ವರ್ಷ. ಅಮ್ಮ ನನ್ನ ಕೈ ಹಿಡಿದು ಕೊಳದ ಗೇಟಿನ ಹೊರಗೇ ನಿಂತಿದ್ದಳು. ಒಳಗಿಂದ ಕೂಗಾಟ ಕೇಳುತ್ತಿತ್ತು. ನೋಡೋಣ ಬಾ ಎಂದು ನಾನು ಎಳೆದರೂ ಕದಲಲಿಲ್ಲ. ಅಕ್ಕನ ಮೇಲೆ ಮುನಿಸಿಕೊಂಡಿದ್ದಾಳೆ ಎಂದೇ ಇಷ್ಟು ವರ್ಷ ತಿಳಿದಿದ್ದೆ.

"ನಾನೊಬ್ಬಳೇ ಎಣಿಸಿದಾಗ ನೂರ ಎಂಬತ್ತಕ್ಕೆ ಸರಿಯಾಗಿ ಲಾಂಡ್ರಿ ಬರ್ತಿತ್ತು," ಎಂದಳು ಅಕ್ಕ. "ನೀನು ಮೊಣಕೈ ಹಿಡಿದ್ರೆ ನನ್ನ ಹೆಜ್ಜೆ ಗಿಡ್ಡ ಆಗುತ್ತೆ. ನಿನ್ನ ಬೆರಳು ನಡುಗ್ತವೆ ಕಣೆ. ನಾಳೆ ನೀನು ಬರಬೇಡ."

ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಬಿದ್ದರೆ ಯಾರು ನೋಡುತ್ತಾರೆ ಎಂದೆ, ನಿನಗೇನು ಹುಚ್ಚೇ ಎಂದೆ. ಅವಳು ಕೇಳಿಸಿಕೊಳ್ಳುತ್ತಲೇ ಇದ್ದಳು, ಕಿವಿ ನೀರೊಳಗಿದ್ದವಳಂತೆ. ಕೊನೆಗೆ ನನ್ನ ಮಾತು ಮುಗಿಯಿತು, ಅಳು ಉಳಿಯಿತು. ಆಗಲಿ ಎಂದೆ.

ಬೆಳಿಗ್ಗೆ ಎಂಟೂವರೆಗೆ ಗೇಟಿನ ಚಿಲಕ ಹಾಕಿದ ಸದ್ದು ಕೇಳಿತು. ಕಿಟಕಿಗೆ ಹೋಗಲಿಲ್ಲ. ಹಿತ್ತಲ ಬಾಗಿಲಿನಿಂದ ಹೊರಟು, ಬೇರೆ ಬೀದಿಯಿಂದ ಸ್ಕೂಲಿಗೆ ಬಂದು, ಕಲಿಯುವವರು ಬರುವ ಮುಂಚೆಯೇ ಕಾರಿನಲ್ಲಿ ಕೂತೆ. ಗಾಜಿನ ಆಚೆ ಜನ ಓಡಾಡುತ್ತಿದ್ದರು, ಯಾರ ಮುಖವೂ ಕಣ್ಣಿಗೆ ಹತ್ತಲಿಲ್ಲ. ಗೇಟಿನ ಹೊರಗೆ ನಿಂತು ಅಮ್ಮ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳು ನೋಯುತ್ತಿದ್ದವು. ಅದು ಆಗ ನೆನಪಾಯಿತು.

ಒಂಬತ್ತಕ್ಕೆ ಐದು ನಿಮಿಷ ಇರುವಾಗ ಫೋನು ಬಂತು. ಲಾಂಡ್ರಿಯ ಯಜಮಾನಿ. ನನ್ನ ಬಲಗಾಲು ಬ್ರೇಕು ತುಳಿಯಿತು.

"ನಿಮ್ಮಕ್ಕ ಆಗ್ಲೇ ಕೆಲಸ ಶುರು ಮಾಡಿದ್ರು," ಎಂದರು. "ನೀವು ಹುಷಾರಾಗಿ ತಲುಪಿದ್ರಾ ಅಂತ ಕೇಳೋಕೆ ಹೇಳಿದ್ರು."

ತಲುಪಿದೆ ಎಂದೆ.