ಎಲ್ಲರಿಗೂ ಕಂಡ ಬೆಂಕಿ

ತುರ್ತು ಕರೆ ಕೇಂದ್ರದಲ್ಲಿ ಅವರನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ಅದೇ ಕುರ್ಚಿ, ಮುಂದೆ ಎರಡು ಫೋನು. ಒಂದಕ್ಕೆ ಜನರ ಕರೆ ಬರುತ್ತಿತ್ತು, ಇನ್ನೊಂದರಿಂದ ಅವರು ಠಾಣೆಗಳಿಗೆ ಮಾತಾಡುತ್ತಿದ್ದರು. "ಯಾರು ಹೊರಡ್ತಿರೋದು? ಹೆಸರು ಹೇಳಿ" ಎಂದು ಜಬರಿಸಿ, ಹೆಸರು ಬರೆದುಕೊಂಡ ಮೇಲೆಯೇ ಫೋನು ಇಡುತ್ತಿದ್ದರು. ಅವರ ಬಾಯಿಗೆ ಹೆದರದ ಅಧಿಕಾರಿಯೇ ಇರಲಿಲ್ಲ.

ಈ ಪದ್ಧತಿಗೆ ಮಂಗಳ ಹಾಡಲು ಬಂದ ಜಾಣ ನಾನು. ನಾನು ಮಾಡಿದ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಅಗ್ನಿಶಾಮಕ, ಪೊಲೀಸು, ಆಂಬುಲೆನ್ಸು ಎಲ್ಲರಿಗೂ ಒಂದೇ ನಕ್ಷೆ. ಕರೆ ಬಂದ ಕ್ಷಣವೇ ಎಲ್ಲರ ಪರದೆಯಲ್ಲೂ ಕೆಂಪು ಚುಕ್ಕೆ. ದೊಡ್ಡಮ್ಮ ಕನ್ನಡಕ ಏರಿಸಿ ನೋಡಿದರು.

"ಚೆನ್ನಾಗಿದೆಯಪ್ಪಾ. ಆದ್ರೆ ಹೊರಟವರು ಹೊರಟೆ ಅಂತ ಒತ್ತೋಕೆ ಒಂದು ಗುಂಡಿ ಇಡು. ಇಲ್ಲಾಂದ್ರೆ ಇನ್ನೊಬ್ಬ ಹೋಗಿರ್ತಾನೆ ಅಂತ ಎಲ್ಲರೂ ಕೂತಿರ್ತಾರೆ."

ಗುಂಡಿ ಇಟ್ಟೆ. ಸಭೆಯಲ್ಲಿ ಮೂರೂ ಇಲಾಖೆಯ ಸಾಹೇಬರು ಒಂದೇ ಬಾಯಲ್ಲಿ ಬೇಡವೆಂದರು. ಒತ್ತಿದವನ ತಲೆಗೆ ತಾನೇ ಬರುವುದು! ಯಾರು ಯಾವಾಗ ನೋಡಿದರು ಎಂಬುದು ದಾಖಲಾದರೆ ಸಾಕಂತೆ. ನಾನು ಕೋಲೆ ಬಸವನಂತೆ ತಲೆಯಾಡಿಸಿ ಗುಂಡಿ ತೆಗೆದುಹಾಕಿದೆ. ಠಾಣೆಗಳಿಗೆ ಮಾತಾಡುವ ಫೋನನ್ನೂ ಕಿತ್ತರು.

ಆರನೇ ವಾರ, ಹಾಡಹಗಲೇ, ಎರಡು ಅಗ್ನಿಶಾಮಕ ಠಾಣೆಗಳ ಗಡಿಯಲ್ಲಿದ್ದ ಹಾಸಿಗೆ ಕಾರ್ಖಾನೆಗೆ ಬೆಂಕಿ ಬಿತ್ತು. ಅವರು ಹೋಗಿರುತ್ತಾರೆ ಎಂದು ಇವರು ಕೂತರು, ಇವರು ಹೋಗಿರುತ್ತಾರೆ ಎಂದು ಅವರು. ಹತ್ತು ನಿಮಿಷದ ಮೇಲೆ ಕಾರ್ಖಾನೆಯಿಂದ ಮತ್ತೆ ಕರೆ ಬಂದಾಗ ದೊಡ್ಡಮ್ಮ ತಮ್ಮ ಮೊಬೈಲಿನಿಂದಲೇ ಎರಡೂ ಠಾಣೆಯವರ ಜನ್ಮ ಜಾಲಾಡಿದರು. ವಾಹನಗಳು ಹೊರಟವು. ಅಷ್ಟರಲ್ಲಿ ಹೊಲಿಗೆಯ ಮೂವರು ಹೆಂಗಸರು ತೀರಿಹೋಗಿದ್ದರು.

ವಿಚಾರಣೆಯಲ್ಲಿ ದಾಖಲೆ ತೆಗೆದರು. ಎಲ್ಲರಿಗಿಂತ ಮೊದಲು ಚುಕ್ಕೆ ನೋಡಿದವರು ದೊಡ್ಡಮ್ಮ. ಅಲ್ಲಿಗೆ ಮುಗಿಯಿತು: ಮೊದಲು ನೋಡಿಯೂ ಹತ್ತು ನಿಮಿಷ ಸುಮ್ಮನಿದ್ದವರು! ಸಾಹೇಬರ ಕೂದಲೂ ಕೊಂಕಲಿಲ್ಲ. ನಿವೃತ್ತಿಗೆ ಎಂಟೇ ತಿಂಗಳಿದ್ದ ಹೆಂಗಸಿನ ಕೆಲಸ ಹೋಯಿತು.

ಅದಕ್ಕೆ ಮೊದಲು ನನ್ನನ್ನೂ ಕರೆದಿದ್ದರು. ಯಂತ್ರ ಸರಿಯಾಗಿ ಕೆಲಸ ಮಾಡಿತ್ತೇ ಎಂಬುದೊಂದೇ ಪ್ರಶ್ನೆ. ಇನ್ನೂ ನಾಲ್ಕು ಊರಿನವರು ನನ್ನ ಪರದೆ ಬೇಕೆಂದಿದ್ದರು. ಮಾಡಿತ್ತು ಎಂದು ಬರೆದು ಸಹಿ ಹಾಕಿದೆ. ಗುಂಡಿಯ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೊರಗೆ ಬೆಂಚಿನ ಮೇಲೆ ದೊಡ್ಡಮ್ಮ ತಮ್ಮ ಸರದಿಗೆ ಕಾಯುತ್ತಿದ್ದರು.

"ನನ್ನ ಪರವಾಗಿ ಒಂದು ಮಾತು ಹೇಳಿದ್ಯೇನಪ್ಪಾ?"

"ಹೇಳಿದೆ ದೊಡ್ಡಮ್ಮ."

"ನೀನಾದ್ರೂ ಹೇಳಿದ್ಯಲ್ಲ, ಸಾಕು" ಎಂದು ಅವರು ನನ್ನ ಕೈ ಹಿಡಿದುಕೊಂಡರು.