ಸೈಕಲ್ಲಿನ ಕ್ರೋಶಾ ಜಾಳಿ

ಕೇಳ್ರಿ ಗೆಳತ್ಯಾರ, ಇವತ್ತ ಸಂಜಿಮುಂದ ಚೆಂಬೂರ್ ಸ್ಟೇಷನ್ ಹೊರಗ ಏನಾತು ಅಂತ.

ಇಂಗ್ರೇಜರ ಮಡಮ್ಮ ಯಾರೋ ಬಿಟ್ಟುಹೋದ ಲೇಡೀಸ್ ಸೈಕಲ್ಲನ್ನ ಹಳೇ ಕಬ್ಬಿಣದ ಅಂಗಡಿಯಿಂದ ನಾ ತಂದಿದ್ನಲ್ಲ? ನಟ್ಟು ಬೋಲ್ಟು ಗೊತ್ತಿಲ್ಲದಾಕಿ, ಬಿಚ್ಚಿ ಬಿಚ್ಚಿ ಕಲತೆ. ಚಿಮಣಿ ಎಣ್ಣಿ ಹಚ್ಚಿ ತುಕ್ಕು ತಿಕ್ಕಿದಾಕಿ ನಾ, ನೀಲಿ ಬಣ್ಣ ಬಳದಾಕಿ ನಾ. ಹಿಂದಿನ ಗಾಲ್ಯಾಗ ಸೀರಿ ಸಿಗಬಾರದಂತ ಕೊಂಡಿ ಸೂಜೀಲೆ ದಾರದ ಬಲಿಯಂಗ ಕ್ರೋಶಾದ ಜಾಳಿ ಹೆಣದು ಕಟ್ಟಿದಾಕಿನೂ ನಾನ. ನಮ್ಮವ್ರು ಮಾತ್ರ, "ಚಾಳಿನ ನೆರೆಮನಿ ಮಂದಿ ನಗತಾರ, ಅದನ್ನ ಒಳಗಿಡು" ಅಂತಿದ್ರು.

ಇವತ್ತ ಕಾಯಿಪಲ್ಲೆ ತರಲಿಕ್ಕೆ ಅದರ ಮ್ಯಾಲೆ ಹೋದೆ. ನಮ್ಮವ್ರು ಲೋಕಲ್ ರೈಲು ಇಳದು ಎದುರಿಗೇ ಬಂದ್ರು, ಜೋಡಿ ಅವರ ಆಫೀಸಿನ ಸಾಹೇಬ್ರು.

"ಅರೇ ವಾ! ಹೊಸಾ ಸೈಕಲ್ಲೇನ್ರಿ?" ಅಂದ್ರು ಸಾಹೇಬ್ರು.

"ಹಳೇದ್ರಿ. ನಾನ ರಿಪೇರಿ ಮಾಡೀನಿ," ಅಂದ್ರು ನಮ್ಮವ್ರು, ಎದಿ ಉಬ್ಬಿಸಿ.

ಇವರು ಎಲ್ಲೀತನಕ ಹೋಗತಾರ ನೋಡೋಣಂತ ನಾ ಸೆರಗಲೆ ಹ್ಯಾಂಡಲ್ ಒರಸಕೋತ ನಿಂತೆ.

"ಮತ್ತ ಈ ಜಾಳಿ?"

"ಅದೂ ನಾನ ಹೆಣದದ್ರಿ."

"ಭಾಳ ಚಲೋ ಆತು!" ಅಂದ್ರು ಸಾಹೇಬ್ರು. "ನಮ್ಮಾಕಿ ಕ್ರೋಶಾ ಕಲೀಬೇಕಂತ ಗಂಟಬಿದ್ದಾಳ. ರವಿವಾರ ಕರಕೊಂಡು ಬರತೀನಿ, ನೀವ ಕಲಿಸ್ರಿ."

ಈಗ ನಮ್ಮವ್ರು ಸೂಜಿ ದಾರ ಹಿಡಕೊಂಡು ಬಾಗಲದಾಗ ನನ್ನ ಮುಂದ ಕೂತಾರ. ಹೆಣದದ್ದನ್ನೆಲ್ಲಾ ನಾ ಬಿಚ್ಚಿಸಲಿಕ್ಕತ್ತೇನಿ, ಬಿಚ್ಚಿದ್ರನ ವಿದ್ಯಾ ಬರೂದು. ನನ್ನ ಸೈಕಲ್ಲು ಹೊರಗ ಗ್ಯಾಲರಿಯೊಳಗ ರಾಜಾನಂಗ ನಿಂತದ.

ಚಾಳಿನ ಮಂದಿ ನಗಲಿಕ್ಕತ್ತಾರ ಖರೆ. ಆದ್ರ ಸೈಕಲ್ ನೋಡಿ ಅಲ್ಲ.