ಡೇರಿ ಸೆಕ್ರೆಟರಿಯ ಫೋನಿಗೆ ಬಂದ ಸೀಟು

ನಮ್ಮ ಮಗಳು ಹತ್ತನೇ ಕ್ಲಾಸು ಮುಗಿಸಿದ ವರ್ಷ, ಸರ್ಕಾರಿ ಶಾಲೆಯ ಮಕ್ಕಳು ಕಾಲೇಜು ಸೇರುವುದನ್ನು ಸುಲಭ ಮಾಡಿದ್ದರು. ಅರ್ಜಿ ಬರೆಯಬೇಕಿಲ್ಲ, ಜೆರಾಕ್ಸಿನ ಕಟ್ಟು ಹಿಡಿದು ಕಿಟಕಿ ಮುಂದೆ ನಿಲ್ಲಬೇಕಿಲ್ಲ. ಸೀಟು ತಾನಾಗಿ ಬರುತ್ತದೆ. ಶಾಲೆಯಲ್ಲಿ ಕೊಟ್ಟಿರುವ ಫೋನ್ ನಂಬರಿಗೆ ಬರುವ ಒಟಿಪಿ ಒತ್ತಿ ಒಪ್ಪಿಕೊಂಡರೆ ಮುಗಿಯಿತು. ಮಗಳಿಗೆ ಕೆ.ಆರ್. ಪೇಟೆಯಲ್ಲಿ ಸೈನ್ಸು ಸಿಕ್ಕಿತ್ತು. ಅದು ತಪ್ಪಿದರೆ ಪಾಂಡವಪುರ, ಎರಡು ಬಸ್ಸು. ಎರಡು ಬಸ್ಸಾದರೆ ಓದೇ ಬೇಡ ಎಂದು ಅವಳಪ್ಪ ಮೊದಲೇ ಹೇಳಿಯಾಗಿತ್ತು.

ಶಾಲೆಯಲ್ಲಿ ನಾವು ಕೊಟ್ಟಿದ್ದು ಡೇರಿ ಸೆಕ್ರೆಟರಿಯ ನಂಬರು. ಎಂಟನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟರು, “ಯಾವಾಗ ಮಾಡಿದ್ರೂ ಎತ್ತೋ ನಂಬರ್ ಕೊಡಿ” ಅಂದಿದ್ದರು. ನಮ್ಮೂರಲ್ಲಿ ಅಂಥ ಫೋನು ಅದೊಂದೇ. ಒಂಬತ್ತು ಮನೆಯವರು ಅದನ್ನೇ ಕೊಟ್ಟಿದ್ದರು. ಹೀಗಾಗಿ ಸೀಟಿನ ಮೆಸೇಜೆಲ್ಲ ಅವನಿಗೇ ಹೋಗಿತ್ತು. ಯಾವುದೋ ಜಾಹೀರಾತು ಅಂದುಕೊಂಡು ಸುಮ್ಮನಿದ್ದ. ಕೊನೆಯ ದಿನ ಮಧ್ಯಾಹ್ನ ಮೇಷ್ಟರು ಬಂದು ವಿಚಾರಿಸಿದಾಗಲೇ ನಮಗೆ ಗೊತ್ತಾಗಿದ್ದು. ಸಂಜೆ ಐದರವರೆಗೆ ಸಮಯವಿತ್ತು. ಸೆಕ್ರೆಟರಿ ಬೆಳ್ಳೂರಿನಲ್ಲಿ ಬೀಗರೂಟಕ್ಕೆ ಕೂತಿದ್ದ.

ಊರಿನಲ್ಲಿ ಸಿಗ್ನಲ್ ಸಿಗುವುದು ಡೇರಿ ಜಗಲಿಯ ಮೇಲೆ. ಒಂಬತ್ತು ಮಕ್ಕಳೂ ಮನೆಯಿಂದ ತಂದ ಫೋನು ಹಿಡಿದು ಅಲ್ಲಿ ಕೂತು, ಒಟಿಪಿ ಕಳಿಸು ಅಂತ ಒಟ್ಟಿಗೆ ಒತ್ತಿದರು. ನಾನು ಫೋನ್ ಮಾಡಿದೆ.

“ಅಣ್ಣಾ, ನಿನ್ ಫೋನಿಗೆ ಒಂದ್ ನಂಬರ್ ಬಂದದೆ, ಓದು.”

“ಒಂದಾ? ಒಂಬತ್ತ್ ಬಂದವೆ ಕಣಕ್ಕ. ನಿಮ್ಮುಡ್ಗೀದು ಯಾವ್ದು?”

“ಹೆಸ್ರಿಲ್ವಾ?”

“ಹೆಸ್ರಿದ್ರೆ ನಿನ್ ಯಾಕ್ ಕೇಳ್ತಿದ್ದೆ? ತಡಿ, ಕೈ ತೊಳ್ಕೊತೀನಿ.”

ಅವನು ಓದಿದ ಮೊದಲನೆಯದನ್ನು ಮಗಳು ಒತ್ತಿದಳು. ತಪ್ಪು. ಎರಡನೆಯದೂ ತಪ್ಪು. ಮೂರನೆಯದು ತಪ್ಪಿದರೆ ಆ ದಿನಕ್ಕೆ ಬಾಗಿಲು ಮುಚ್ಚುತ್ತದೆ ಎಂದು ಪರದೆಯ ಮೇಲೆ ಬಂತು. ಮಗಳು ಫೋನನ್ನು ಮಡಿಲಲ್ಲಿ ಮಗುಚಿಟ್ಟಳು.

ಅಷ್ಟರಲ್ಲಿ ಹಾಲಿನ ಕ್ಯಾನು ಹಿಡಿದು ನಮ್ಮತ್ತೆ ಬಂದರು. ಹಾಲು ಹಾಕುವ ಹೊತ್ತಿಗೆ ಇನ್ನೂ ಒಂದು ಗಂಟೆ ಇತ್ತು; ಅವರು ಯಾವಾಗಲೂ ಹಾಗೇ. ಸಂಗತಿ ಕೇಳಿ, “ಲೇ ಐಕ್ಳಾ, ಎಲ್ರೂ ಒಟ್ಗೆ ಸುರುದ್ರೆ ಯಾರ್ ಹಾಲು ಅಂತ ಅಳೀತಾನ್ಲಾ ಅವ್ನು? ಸಾಲಾಗ್ ನಿಂತ್ಕಳಿ. ಒಬ್ರುದ್ ಆದ್ಮೇಲ್ ಒಬ್ರುದು” ಅಂದರು. ಹಾಗಂದು, ಮೊಮ್ಮಗಳ ಜಾಗಕ್ಕೆ ತಮ್ಮ ಕ್ಯಾನನ್ನು ಎಲ್ಲರಿಗಿಂತ ಮುಂದೆ ಇಟ್ಟರು.

“ಬುಡವ್ವೋ, ಈಗ್ ಬಂದ್ಬುಟ್ಟು ಮುಂದಕ್ಕಾ?” ಅಂದಳು ಪಕ್ಕದ ಮನೆಯವಳು. ಕ್ಯಾನು ಐದನೆಯ ಜಾಗಕ್ಕೆ ಹೋಯಿತು.

ಒಬ್ಬರು ಒತ್ತುವುದು, ಬೆಳ್ಳೂರಿನಿಂದ ಅವನು ಓದುವುದು. ಹಾಲಿನ ಡಿಗ್ರಿ ಕೂಗುವಂತೆ ಒಂದೊಂದು ಅಂಕಿಯನ್ನೂ ಎರಡೆರಡು ಸಲ ಕೂಗಿದ. ನಡುವೆ ಯಾರೋ ಅವನಿಗೆ ಇನ್ನೊಂದು ಮುದ್ದೆ ಬಡಿಸಿದರು. ಅದರ ಮಾತುಕತೆಯೂ ನಮಗೆ ಕೇಳಿಸಿತು. ನಮ್ಮ ಸರದಿ ಬಂದಾಗ ಐದಕ್ಕೆ ಹನ್ನೆರಡು ನಿಮಿಷವಿತ್ತು. ಮಗಳು ಅವನ ಹಿಂದೆಯೇ ಜೋರಾಗಿ ಹೇಳಿಕೊಂಡು ಆರು ಅಂಕಿ ಒತ್ತಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವನೇ ಆ ಕಡೆಯಿಂದ, “ಅಕ್ಕೋ, ನಿಮ್ಮುಡ್ಗೀಗೆ ಸೀಟ್ ಆಯ್ತಂತೆ, ಇಲ್ ಬಂತು” ಅಂದ. ಉಳಿದ ನಾಲ್ವರದೂ ಐದರೊಳಗೆ ಮುಗಿಯಿತು.

ಮಗಳು ಈಗ ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗಿಬರುತ್ತಾಳೆ. ಕಾಲೇಜಿನವರ ಮೆಸೇಜು ಇವತ್ತಿಗೂ ಸೆಕ್ರೆಟರಿಗೇ ಬರುತ್ತದೆ. ಮೊನ್ನೆ ನಮ್ಮತ್ತೆಯ ಹಾಲು ಅಳೆಯುತ್ತ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ, “ನಿನ್ ಮೊಮ್ಮಗ್ಳು ನಿನ್ನೆ ಕೆಮಿಸ್ಟ್ರಿ ಕ್ಲಾಸಿಗೆ ಓಗಿಲ್ವಂತಲ್ಲವ್ವ” ಅಂದ. ಅಂದಿನಿಂದ ಡೇರಿಗೆ ನಾನೇ ಹೋಗುತ್ತಿದ್ದೇನೆ.